ಶ್ರಾವಣದ ಪುರಾಣ ಮತ್ತು ಶರಣ ಸಮಾಜ

ಶ್ರಾವಣ ಮಾಸ ಬಂತೆಂದರೆ ಉತ್ತರ ಕರ್ನಾಟಕದ ಅನೇಕ ಮಠಗಳಲ್ಲಿ ಸಂಜೆಯ ಪುರಾಣ ಆರಂಭವಾಗುತ್ತದೆ. ಒಬ್ಬರು ಷಟ್ಪದಿಯನ್ನು ರಾಗವಾಗಿ ಓದಿದರೆ, ಶಾಸ್ತ್ರಿಗಳು ಅದರ ಅರ್ಥವನ್ನು ಬಿಡಿಸಿ ಹೇಳುವರು. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವೂ ಚಾಮರಸನ ಪ್ರಭುಲಿಂಗಲೀಲೆಯೂ ಅಕ್ಷರವರಿಯದ ಒಕ್ಕಲು ಮನೆಗಳನ್ನು ಮುಟ್ಟಿದ್ದು ಬಹುಮಟ್ಟಿಗೆ ಹೀಗೆಯೇ. ಪುರಾಣ ಮಂಗಲದ ದಿನ ಓಣಿ ಓಣಿಗಳಿಂದ ಜೋಳದ ರೊಟ್ಟಿಯ ಬುಟ್ಟಿಗಳು ದಾಸೋಹಕ್ಕೆ ಬರುತ್ತವೆ. ಯಾವ ರೊಟ್ಟಿ ಯಾರ ಮನೆಯದೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕಲ್ಯಾಣದಲ್ಲಿ ನೆರೆದವರು ಒಂದೇ ಕಸುಬಿನವರಲ್ಲ, ಒಂದೇ ಊರಿನವರೂ ಅಲ್ಲ. ಅವರನ್ನು ಒಂದೇ ಬಳಗವಾಗಿ ಮುಂದಿನ ತಲೆಮಾರುಗಳ ಮನಸ್ಸಿನಲ್ಲಿ ನಿಲ್ಲಿಸಿದ ಕೀರ್ತಿ ಬಹುಪಾಲು ಕಥೆಗಳಿಗೆ ಸಲ್ಲಬೇಕು. ನುಲಿಯ ಚಂದಯ್ಯನ ಪ್ರಸಂಗವನ್ನೇ ನೋಡಿರಿ. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ ಶರಣನೀತ. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳ ಲಿಂಗವು ಜಾರಿ ನೀರಿಗೆ ಬಿತ್ತು. ಚಂದಯ್ಯ ತಿರುಗಿ ನೋಡಲಿಲ್ಲ. ಹೊರೆ ಹೊತ್ತು ನಡೆದೇಬಿಟ್ಟ. ಲಿಂಗವೇ ಬೆನ್ನಟ್ಟಿ ಬಂದು ಬೇಡಿಕೊಂಡರೂ ಒಪ್ಪಲಿಲ್ಲ. ಆಗ ನ್ಯಾಯ ಹೇಳಲು ಬಂದವನು ಮಡಿವಾಳ ಮಾಚಯ್ಯ. ಕಡೆಗೆ ಲಿಂಗವು ತನ್ನ ಹಗ್ಗವನ್ನು ಮಾರಿ ತರಬೇಕೆಂಬ ಕಟ್ಟಳೆಯ ಮೇಲೆ ಚಂದಯ್ಯ ಅದನ್ನು ಮರಳಿ ಧರಿಸಿದನಂತೆ! ಹಗ್ಗದ ಕಾಯಕದವನ ಕಥೆ ಬಟ್ಟೆ ಒಗೆಯುವವನಿಲ್ಲದೆ ಮುಗಿಯುವುದೇ ಇಲ್ಲ.

ಇಂದು ಒಬ್ಬೊಬ್ಬ ಶರಣನ ಜಯಂತಿಯನ್ನು ಆಯಾ ಕಾಯಕದ ಜನರೇ ಮುಂದೆ ನಿಂತು ಆಚರಿಸುತ್ತಾರೆ. ತಮ್ಮ ಹಿರಿಯನನ್ನು ನೆನೆಯುವುದು ಯೋಗ್ಯವೇ. ಆದರೆ ಚಂದಯ್ಯನ ಕಥೆ ಒಂದು ಓಣಿಯಲ್ಲಿ, ಮಾಚಯ್ಯನ ಕಥೆ ಇನ್ನೊಂದು ಓಣಿಯಲ್ಲಿ ಉಳಿದರೆ ಎರಡೂ ಅರ್ಧವಾಗುತ್ತವೆ.

ಇನ್ನೂ ಕಠಿಣವಾದ ಕಥೆಯೊಂದಿದೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳನ್ನು ಕೊಟ್ಟ ಪ್ರಸಂಗವದು. ಶರಣರು ಈ ಸಂಬಂಧವನ್ನು ಹರಸಿದರು. ಬೀಗರಿಬ್ಬರೂ ಅದಕ್ಕಾಗಿ ಪ್ರಾಣ ತೆತ್ತರು. ಪ್ರವಚನಗಳಲ್ಲಿ ಪವಾಡಗಳಿಗೆ ಸಿಗುವಷ್ಟು ಹೊತ್ತು ಈ ಮದುವೆಗೆ ಸಿಗುವುದಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಕನ್ಯೆ ನೋಡಲು ಹೋದಾಗ ಒಳಪಂಗಡವನ್ನು ಮೊದಲು ಕೇಳುವ ಮನೆಗಳಲ್ಲಿ ಈ ಕಥೆ ಕೇಳುವವರನ್ನೇ ಪ್ರಶ್ನಿಸುತ್ತದೆ.

ಮುಂದಿನ ಶ್ರಾವಣದಲ್ಲಿ ಪುರಾಣಕ್ಕೆ ಹೋಗುವ ಸದ್ಭಕ್ತರು ಮದುವೆಗೆ ಬಂದ ಮಕ್ಕಳನ್ನೂ ಜೊತೆಗೆ ಕರೆದೊಯ್ಯಲಿ. ಹರಳಯ್ಯನ ಕಥೆಯನ್ನು ಒಂದು ಸಂಜೆ ಪೂರ್ತಿಯಾಗಿ ಹೇಳಿರೆಂದು ಶಾಸ್ತ್ರಿಗಳಲ್ಲಿ ವಿನಂತಿಸಿಕೊಳ್ಳಲಿ.