ತೀರ್ಪಿಗೆ ಮುನ್ನ ಸೆರೆ ಎಷ್ಟು ಕಾಲ?

ಅಪರಾಧವಿನ್ನೂ ಸಿದ್ಧವಾಗದ ಮನುಷ್ಯನನ್ನು
ಎಷ್ಟು ಕಾಲ ಸೆರೆಯಲ್ಲಿರಿಸಬಹುದು, ಬಲ್ಲಿರಾ?

ಹೊಸೂರಿನಲ್ಲಿ ಕಳವಿನ ಆರೋಪದ ಮೇಲೆ
ಬಂಧಿತನಾದ ಕೂಲಿಯವನೊಬ್ಬನನ್ನು ನೆನೆಯಿರಿ;
ವಾಯಿದೆಯ ಮೇಲೆ ವಾಯಿದೆ ಬೀಳುತ್ತಿರಲು,
ಕೊಯ್ದ ಗುಲಾಬಿಯು ಮಾರುಕಟ್ಟೆ ಕಾಣದೆ
ಬುಟ್ಟಿಯಲ್ಲಿಯೇ ಬಾಡುವಂತೆ,
ಅವನ ಆಯುಷ್ಯವು ಅಲ್ಲಿ ಸವೆಯುತ್ತದೆ.

ಸಾಮಾನ್ಯ ಕಳವಿಗೆ ಪರಮಾವಧಿ ಶಿಕ್ಷೆ 3 ವರ್ಷ.
2024ರ ಜುಲೈ 1ರಂದು ಜಾರಿಗೆ ಬಂದ
ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ,
ಹಿಂದೆಂದೂ ಶಿಕ್ಷೆಗೊಳಗಾಗದವನು
ಅದರ ಮೂರನೆಯ ಒಂದು ಪಾಲನ್ನು, ಎಂದರೆ 1 ವರ್ಷವನ್ನು,
ವಿಚಾರಣಾಧೀನನಾಗಿಯೇ ಕಳೆದಿದ್ದರೆ
ನ್ಯಾಯಾಲಯವು ಅವನನ್ನು ಮುಚ್ಚಳಿಕೆಯ ಮೇಲೆ ಬಿಡತಕ್ಕದ್ದು;
ಇತರರಿಗೆ ಅರ್ಧಾವಧಿ ಕಳೆದ ಮೇಲೆ ಜಾಮೀನು.

ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೂ,
ಹಲವು ಮೊಕದ್ದಮೆಗಳು ಬಾಕಿಯಿದ್ದವರಿಗೂ ಇದು ಸಲ್ಲದು.

ಅವಧಿ ತುಂಬಿದೊಡನೆ ನ್ಯಾಯಾಲಯಕ್ಕೆ ಅರ್ಜಿ ಬರೆಯುವ ಹೊಣೆ
ಸೆರೆಮನೆಯ ಅಧೀಕ್ಷಕರದೇ;
ಅಕ್ಷರ ಬಾರದವನ ಪಾಲಿಗೆ ಇದೆಂತಹ ಆಸರೆ!

ವಕೀಲರಿಲ್ಲವೆ?
ಕೃಷ್ಣಗಿರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿರಿ.
ಬಂಧನದಲ್ಲಿರುವವನಿಗೆ ಶುಲ್ಕವಿಲ್ಲ.