ಮಕ್ಕಳ ಲೆಕ್ಕ, ದೊಡ್ಡವರ ಸಂಬಳ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಕ್ಕಳು ಶಾಲೆಯಲ್ಲಿ ಕಲಿಯುವ ಗಣಿತದಲ್ಲಿ ಸಂಖ್ಯಾಶಾಸ್ತ್ರ, ಸಂಭವನೀಯತೆ ಎಂಬ ಎರಡು ಪಾಠಗಳುಂಟು. ನಾಣ್ಯ ಚಿಮ್ಮುವುದು, ದಾಳ ಉರುಳಿಸುವುದು, ಚೀಲದಿಂದ ಕೆಂಪು ಗೋಲಿ ತೆಗೆಯುವುದು ಇವೇ ಅಲ್ಲಿನ ಲೆಕ್ಕಗಳು. ಮಗುವು ಪುಸ್ತಕ ಹಿಡಿದು ಬಂದಾಗ 'ಇದರಿಂದ ನಮಗೇನು ಪ್ರಯೋಜನ?' ಎಂದು ತಂದೆಯಾದವನು ಜಾರಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಹಾಗೆ ಜಾರಿಕೊಳ್ಳಲಾಗದು. ದುಡಿಯುವವನ ಸಂಬಳಕ್ಕೆ ಇಷ್ಟು ಹತ್ತಿರವಾದ ಪಾಠ ಆ ಪುಸ್ತಕದಲ್ಲಿ ಬೇರೊಂದಿಲ್ಲ.

ಹೋಟೆಲಿನವರಿಗೆ ಈ ಶಾಸ್ತ್ರ ಹೊಸದೇನೂ ಅಲ್ಲ. ನಾಳೆಗೆ ಎಷ್ಟು ಅಕ್ಕಿ, ಎಷ್ಟು ಉದ್ದು ನೆನೆಹಾಕಬೇಕೆಂದು ಭಟ್ಟರು ನಿಶ್ಚಯಿಸುವುದು ಹೇಗೆ? ಕಳೆದ ನಾಲ್ಕಾರು ಸೋಮವಾರಗಳಲ್ಲಿ ಎಷ್ಟು ಇಡ್ಲಿ ಹೋಯಿತು, ನಾಳೆ ಕಚೇರಿಗಳಿಗೆ ರಜೆಯುಂಟೇ, ಮಳೆ ಜೋರಾಗಿ ಲೋಕಲ್ ಗಾಡಿ ನಿಂತೀತೇ ಎಂಬುದನ್ನೆಲ್ಲ ತೂಗಿ ನೋಡಿ. ಕಂಡದ್ದನ್ನು ಲೆಕ್ಕವಿಟ್ಟು, ಕಾಣದ್ದನ್ನು ಅಂದಾಜು ಮಾಡುವ ಈ ಕ್ರಮಕ್ಕೇ ಸಂಖ್ಯಾಶಾಸ್ತ್ರವೆಂದು ಹೆಸರು. ಈ ಶಾಸ್ತ್ರದಲ್ಲಿ ಜಗತ್ತೇ ಗೌರವಿಸಿದ ಸಿ. ಆರ್. ರಾವ್ ಅವರು 1920ರಲ್ಲಿ ಜನಿಸಿದ್ದು ನಮ್ಮ ಹೂವಿನಹಡಗಲಿಯಲ್ಲಿ.

ಸಂಭವನೀಯತೆಯ ಲೆಕ್ಕ ಬಿಡಿಸಲು ಸೂತ್ರ ಒಂದೇ. ಆಗಬಹುದಾದ ಸಮಾನ ಅವಕಾಶದ ಸಂಗತಿಗಳನ್ನೆಲ್ಲ ಎಣಿಸಬೇಕು; ಅವುಗಳಲ್ಲಿ ನಮಗೆ ಬೇಕಾದವು ಎಷ್ಟೆಂದು ಎಣಿಸಬೇಕು; ಎರಡನೆಯದನ್ನು ಮೊದಲನೆಯದರಿಂದ ಭಾಗಿಸಬೇಕು. ಮಕ್ಕಳು ಎಡವುವುದು 'ಸಮಾನ ಅವಕಾಶ' ಎಂಬ ಮಾತಿನಲ್ಲಿ. ಎರಡು ದಾಳಗಳ ಮೊತ್ತ 2ರಿಂದ 12ರವರೆಗೆ ಹನ್ನೊಂದು ಬಗೆಯಾದ್ದರಿಂದ, ಏಳು ಬೀಳುವ ಸಂಭವ ಹನ್ನೊಂದರಲ್ಲಿ ಒಂದು ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಮೊದಲ ದಾಳಕ್ಕೆ ಆರು ಮುಖ, ಎರಡನೆಯದಕ್ಕೆ ಆರು. ಒಟ್ಟು 36 ಜೋಡಿಗಳು. ಏಳಾಗುವ ಜೋಡಿಗಳು ಆರು, ಹನ್ನೆರಡಾಗುವುದು ಒಂದೇ ಒಂದು. ಆದುದರಿಂದ ಏಳರ ಸಂಭವ ಆರರಲ್ಲಿ ಒಂದು, ಹನ್ನೆರಡರದು 36ರಲ್ಲಿ ಒಂದು.

ಎಣಿಸುವ ಈ ವಿದ್ಯೆ ಕನ್ನಡ ನಾಡಿಗೆ ಪರಕೀಯವಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರ ಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಎಷ್ಟು ಬಗೆಯಾಗಿ ಬೆರೆಸಬಹುದೆಂದು ಅವರು ಅಲ್ಲಿ ಪ್ರಶ್ನೆ ಹಾಕಿದ್ದಾರೆ, ಅಡುಗೆಯವರಿಗೆಂದೇ ಹಾಕಿದಂತಿದೆ! ಎರಡೆರಡು ರಸ ಬೆರೆಸಲು ಆರನ್ನು ಐದರಿಂದ ಗುಣಿಸಿ, ಒಂದು ಎರಡುಗಳ ಗುಣಲಬ್ಧದಿಂದ ಭಾಗಿಸಿದರೆ 15. ಮೂರು ಮೂರಾದರೆ ಆರು, ಐದು, ನಾಲ್ಕುಗಳ ಗುಣಲಬ್ಧವನ್ನು ಒಂದು, ಎರಡು, ಮೂರುಗಳ ಗುಣಲಬ್ಧದಿಂದ ಭಾಗಿಸಿ 20. ಒಂದೊಂದೇ ರಸದಿಂದ ಆರೂ ರಸಗಳವರೆಗೆ 6, 15, 20, 15, 6, 1, ಒಟ್ಟು 63. ಇಂದಿಗೂ ಕಾಲೇಜಿನಲ್ಲಿ ಕಲಿಸುವುದು ಈ ಸೂತ್ರವನ್ನೇ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನ್ಯೂಯಾರ್ಕಿನಿಂದ ಬರುತ್ತಿದ್ದ ಹತ್ತಿಯ ದರದ ಮೇಲೆ ಮುಂಬಯಿಯಲ್ಲಿ ನಡೆಯುತ್ತಿದ್ದ ಜೂಜು ನಿಂತಮೇಲೆ, ಮಡಕೆಯಿಂದ ಚೀಟಿ ಎತ್ತುವ ಮಟ್ಕಾ ಬೆಳೆಯಿತು. 1962ರಲ್ಲಿ ವರಳಿಯ ಕಲ್ಯಾಣಜಿ ಭಗತ್ ಎಂಬಾತ ಆರಂಭಿಸಿದುದರಿಂದ ಅದಕ್ಕೆ 'ಕಲ್ಯಾಣ' ಎಂಬ ಹೆಸರು ಬಂದಿತೇ ಹೊರತು, ನಮ್ಮ ಕಲ್ಯಾಣ ಪಟ್ಟಣದಿಂದಲ್ಲ. ಕಾನೂನು ನಿಷೇಧಿಸಿದ್ದರೂ ಈ ಪಿಡುಗು ಅಳಿದಿಲ್ಲ. ಊರಿಗೆ ಕಳುಹಿಸಬೇಕಾದ ಹಣ ಅದರಲ್ಲಿ ಕರಗಿದ ಉದಾಹರಣೆಗಳನ್ನು ಹೋಟೆಲು ನಡೆಸಿದವರಾರೂ ಬಲ್ಲರು.

ಶಾಲೆಯ ಮಗುವು ಇದನ್ನು ಹೇಗೆ ಬಿಡಿಸೀತು? ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳು, ನಮ್ಮದು ಒಂದು. ಸಂಭವ ಹತ್ತರಲ್ಲಿ ಒಂದು. ಗೆದ್ದವನಿಗೆ ಹತ್ತು ರೂಪಾಯಿಗೆ ತೊಂಬತ್ತು ಕೊಡುತ್ತಾರೆಂದು ಇಟ್ಟುಕೊಳ್ಳೋಣ. ನೂರು ಸಲ ಕಟ್ಟಿದವನು ಕೊಟ್ಟದ್ದು 1000 ರೂಪಾಯಿ. ಸರಾಸರಿ ಹತ್ತು ಸಲ ಗೆದ್ದು ಪಡೆದದ್ದು 900. ಆಟದಲ್ಲಿ ಲೇಶವೂ ಮೋಸವಿಲ್ಲದಿದ್ದರೂ ರೂಪಾಯಿಗೆ ಹತ್ತು ಪೈಸೆ ಹೋಯಿತು. ಉಳಿದ 900ನ್ನು ಮತ್ತೆ ಕಟ್ಟಿದರೆ 810, ಮತ್ತೆ ಕಟ್ಟಿದರೆ 729. ಹೀಗೆ ಏಳು ಸುತ್ತು ಮುಗಿಯುವಾಗ ಸಾವಿರದಲ್ಲಿ ಸರಾಸರಿ 478 ಮಾತ್ರ ಉಳಿಯುತ್ತದೆ. ಒಬ್ಬಿಬ್ಬರು ಗೆದ್ದಾರು, ಗೆದ್ದವನ ಸುದ್ದಿ ಬೀದಿಗೆಲ್ಲ ಹಬ್ಬುತ್ತದೆ, ಸೋತವನು ಬಾಯಿ ಬಿಡುವುದಿಲ್ಲ.

'ಹತ್ತು ಸಲದಿಂದ ಏಳು ಬಂದಿಲ್ಲ, ಇಂದು ಬಂದೇ ಬರುತ್ತದೆ' ಎನ್ನುವವರುಂಟು. ಒಂದು ಅಂಕಿ ಹತ್ತು ಸಲವೂ ಬಾರದಿರುವ ಸಂಭವ ನೂರಕ್ಕೆ 35ರಷ್ಟಿದೆ. ಅದರಲ್ಲಿ ಅಚ್ಚರಿಯೇನೂ ಇಲ್ಲ. ಹನ್ನೊಂದನೆಯ ಸಲವೂ ಸಂಭವ ಹತ್ತರಲ್ಲಿ ಒಂದೇ. ನೆನಪಿಟ್ಟುಕೊಳ್ಳುವುದು ಮನುಷ್ಯ, ಚೀಟಿಗೆ ನೆನಪಿಲ್ಲ. ಈಚೆಗೆ ಮಡಕೆಯ ಸ್ಥಾನಕ್ಕೆ ಮೊಬೈಲು ಬಂದಿತು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು 2025ರಲ್ಲಿ ಸಂಸತ್ತು ಅಂಗೀಕರಿಸಿತು. ಆದರೆ ಕಾಯಿದೆಗಿಂತ ಮೊದಲು ಕಾಯಬೇಕಾದುದು ನಮ್ಮ ಲೆಕ್ಕದ ಅರಿವು.

ಸರಾಸರಿಯ ಪಾಠವೂ ಹೀಗೆಯೇ ಉಪಕಾರಿ. 'ನಮ್ಮಲ್ಲಿ ಸರಾಸರಿ ಸಂಬಳ ಇಪ್ಪತ್ತು ಸಾವಿರ' ಎಂದು ಒಬ್ಬರು ಕರೆದರೆನ್ನಿ. ಅಲ್ಲಿನ ಏಳು ಮಂದಿಯ ಸಂಬಳ ಸಾವಿರಗಳಲ್ಲಿ 12, 12, 13, 14, 15, 16, 58 ಇರಬಹುದು. ಕೂಡಿಸಿದರೆ 140, ಏಳರಿಂದ ಭಾಗಿಸಿದರೆ 20, ಮಾತು ಸುಳ್ಳಲ್ಲ. ಆದರೆ ಆರು ಮಂದಿ ಇಪ್ಪತ್ತನ್ನು ಮುಟ್ಟಿಯೇ ಇಲ್ಲ. ಕ್ರಮವಾಗಿ ನಿಲ್ಲಿಸಿ ನಡುವಿನವನನ್ನು ಕೇಳಿದರೆ 14 ಎನ್ನುತ್ತಾನೆ, ಇದೇ ಮಧ್ಯಾಂಕ. ಕೆಲಸಕ್ಕೆ ಸೇರುವವನು ಸರಾಸರಿಯ ಜೊತೆಗೆ ಮಧ್ಯಾಂಕವನ್ನೂ ಕೇಳಬೇಕು.

ಆದುದರಿಂದ ನಮ್ಮ ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ರಜೆಯ ದಿನ ಮಗುವಿನ ಬಳಿ ಅರ್ಧ ಗಂಟೆ ಕುಳಿತುಕೊಳ್ಳಿರಿ. ಒಂದು ನಾಣ್ಯವನ್ನು ನೂರು ಸಲ ಚಿಮ್ಮಿಸಿ, ಬಿದ್ದದ್ದನ್ನು ಬರೆಯಿಸಿರಿ. ಮನೆ ಬಿಟ್ಟು ದೂರ ದುಡಿಯುವ ತರುಣರು ಕೊಠಡಿಯ ಗೆಳೆಯರೊಡನೆ ಇದನ್ನೇ ಮಾಡಲಿ. ಬರಿಯ ಕಾಗದ, ಪೆನ್ಸಿಲು ಸಾಕು. ಕೈಯ ನಾಣ್ಯ ಕೈಯಲ್ಲಿಯೇ ಉಳಿಯುತ್ತದೆ.