ಜಾಲತಾಣ ಕೆಟ್ಟಾಗ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?

ಊರಿನ ವಿದ್ಯಾಸಂಸ್ಥೆ, ಕಲ್ಯಾಣ ಮಂಟಪ, ಸಹಕಾರಿ ಸಂಘ, ಮನೆತನದ ಬಟ್ಟೆಯಂಗಡಿ ಮೊದಲಾದವು ಇಂದು ತಮ್ಮದೇ ಜಾಲತಾಣಗಳನ್ನು ಹೊಂದಿರುವುದು ಸಾಮಾನ್ಯವಾಗಿದೆ. ಅವು ನಡೆಯುತ್ತಿರುವಷ್ಟು ಕಾಲ ಯಾರ ಗಮನವೂ ಅತ್ತ ಹರಿಯುವುದಿಲ್ಲ. ಪ್ರವೇಶಾರ್ಜಿಯ ಕೊನೆಯ ವಾರದಲ್ಲಿಯೋ ಲಗ್ನದ ಹಂಗಾಮಿನಲ್ಲಿಯೋ ತಾಣ ತೆರೆಯದೆ ಹೋದಾಗ ಗಾಬರಿ ಹುಟ್ಟುತ್ತದೆ. ಕೈಗೆ ಸಿಕ್ಕ ಸಂಖ್ಯೆಗೆ ದೂರವಾಣಿ ಮಾಡಿ, 'ನಮ್ಮ ಸೈಟು ನಡೆಯುತ್ತಿಲ್ಲ, ಬೇಗ ಸರಿಪಡಿಸಿ' ಎನ್ನುತ್ತೇವೆ. 'ನಮ್ಮ ಕಡೆ ಎಲ್ಲವೂ ಸರಿಯಾಗಿದೆ' ಎಂಬ ಉತ್ತರ ಬರುತ್ತದೆ. ಅನೇಕ ವೇಳೆ ಆ ಉತ್ತರ ಸುಳ್ಳಾಗಿರುವುದಿಲ್ಲ ಎಂಬುದೇ ಇಲ್ಲಿಯ ತೊಡಕು.

ಮೂವರ ಕೈಯಲ್ಲಿ ಒಂದು ತಾಣ

ಜಾಲತಾಣದ ಹೊಣೆ ಸಾಮಾನ್ಯವಾಗಿ ಮೂವರಲ್ಲಿ ಹಂಚಿಹೋಗಿರುತ್ತದೆ. ತಾಣದ ಹೆಸರನ್ನು ನೋಂದಾಯಿಸಿ ಕಾಲಕಾಲಕ್ಕೆ ನವೀಕರಿಸುವವರು ಒಬ್ಬರು. ಪುಟಗಳನ್ನು ಇರಿಸಿಕೊಳ್ಳುವ ಸರ್ವರ್ ಒದಗಿಸುವವರು ಇನ್ನೊಬ್ಬರು. ಪುಟಗಳನ್ನು ರಚಿಸಿಕೊಟ್ಟವರು ಮತ್ತೊಬ್ಬರು. ಹೆಸರನ್ನು ಸರ್ವರಿನ ಅಂಕಿಯ ವಿಳಾಸಕ್ಕೆ ಜೋಡಿಸುವುದು 1983ರಲ್ಲಿ ರೂಪುಗೊಂಡ ಡಿ.ಎನ್.ಎಸ್. ಎಂಬ ವ್ಯವಸ್ಥೆ. ರೋಗ ಯಾವುದೆಂದು ತಿಳಿಯದೆ ವೈದ್ಯರನ್ನು ಆರಿಸಲಾಗದು.

ಲಕ್ಷಣಗಳು ಪರದೆಯ ಮೇಲೆಯೇ ಇರುತ್ತವೆ. ಸರ್ವರ್ ಸಿಗುತ್ತಿಲ್ಲ ಎಂಬ ಸೂಚನೆ ಬಂದರೆ ಹೆಸರಿನ ಅವಧಿ ಮುಗಿದಿದೆಯೇ ಎಂಬುದನ್ನು ಮೊದಲು ನೋಡಬೇಕು. 404 ಎಂದರೆ ಸರ್ವರ್ ನಡೆಯುತ್ತಿದೆ, ಕೇಳಿದ ಪುಟ ಮಾತ್ರ ಅಲ್ಲಿಲ್ಲ. ಇದು ಪುಟ ರಚಿಸಿದವರ ಕೆಲಸ. 500 ಬಂದರೆ ಸರ್ವರಿನೊಳಗಿನ ಕಾರ್ಯಕ್ರಮ ಎಡವಿದೆ. 503 ಬಂದರೆ ಸರ್ವರ್ ಹೊರೆ ತಾಳಲಾರದಾಗಿದೆ ಅಥವಾ ದುರಸ್ತಿಯಲ್ಲಿದೆ. ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆ ಹಲವು ಸಲ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದುದರ ಗುರುತು. ಇದಕ್ಕೂ ಮುನ್ನ ಬೇರೊಂದು ಫೋನಿನಲ್ಲಿ, ಮನೆಯ ವೈಫೈ ಬಿಟ್ಟು, ತಾಣವನ್ನು ತೆರೆದು ನೋಡುವುದು ಒಳಿತು. ಅಲ್ಲಿ ತೆರೆದರೆ ದೋಷ ನಮ್ಮ ಸಂಪರ್ಕದಲ್ಲಿಯೇ ಇರಬಹುದು.

ದೂರು ಬರೆಯುವ ಬಗೆ

ಇಂಗ್ಲೆಂಡಿನ ತಂತ್ರಾಂಶಕಾರ ಸೈಮನ್ ಟ್ಯಾಥಮ್ ಅವರು 1999ರಲ್ಲಿ ದೋಷಗಳನ್ನು ವರದಿ ಮಾಡುವ ಬಗೆಯನ್ನು ಕುರಿತು ಪ್ರಬಂಧವೊಂದನ್ನು ಬರೆದರು. ನಮ್ಮ ಊಹೆಗಿಂತ ನಾವು ಕಂಡದ್ದನ್ನೇ ಹೇಳಬೇಕೆಂಬುದು ಅದರ ತಿರುಳು. ಯಾವ ಪುಟ, ಎಷ್ಟು ಗಂಟೆಗೆ, ಏನು ಮಾಡಿದಾಗ, ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಅನುಕ್ರಮವಾಗಿ ಬರೆಯಬೇಕು. ಪರದೆಯ ಚಿತ್ರವನ್ನೂ, ಹಿಂದಿನ ದಿನ ಮಾಡಿದ ಬದಲಾವಣೆಯನ್ನೂ ಸೇರಿಸಬೇಕು. ದೂರಿನ ಸಂಖ್ಯೆ ಪಡೆದ ಮೇಲೆ ಅದರಡಿಯಲ್ಲಿಯೇ ಪತ್ರವ್ಯವಹಾರ ನಡೆಸಬೇಕು. ದಿನಕ್ಕೊಂದು ಹೊಸ ದೂರು ಕೊಟ್ಟರೆ ಪ್ರತಿ ಸಲವೂ ಕಥೆ ಮೊದಲಿನಿಂದ ಆರಂಭವಾಗುತ್ತದೆ.

ಒಡೆತನದ ಎಚ್ಚರ

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿಯೇ ನೋಂದಣಿಯಾಗಿದ್ದು, ಆತ ಕೆಲಸ ಬಿಟ್ಟು ಹೋಗಿದ್ದರೆ ನವೀಕರಣದ ನೆನಪೋಲೆಗಳೂ ಆತನಿಗೇ ತಲುಪುತ್ತವೆ. ಡಾಟ್ ಕಾಂ ಹೆಸರು ಅವಧಿ ಮೀರಿ ಅಳಿಸಲ್ಪಟ್ಟರೆ, ಬಿಡಿಸಿಕೊಳ್ಳಲು ಹಳೆಯ ಒಡೆಯರಿಗೆ ಸಾಮಾನ್ಯವಾಗಿ 30 ದಿನಗಳ ಅವಕಾಶವಿರುತ್ತದೆ, ಶುಲ್ಕವೂ ಹೆಚ್ಚು. ಆಮೇಲೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಹತ್ತಾರು ವರ್ಷ ಗಳಿಸಿದ ಹೆಸರು ಹೀಗೆ ಪರರ ಪಾಲಾಗಬಾರದು. ಆದ್ದರಿಂದ ನೋಂದಣಿ ಸಂಸ್ಥೆಯ ಅಥವಾ ಮಾಲೀಕರ ಹೆಸರಿನಲ್ಲಿಯೇ ಇರತಕ್ಕದ್ದು.

ಸಹಾಯವಾಣಿಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕದೆ ಬಿಲ್ಲಿನಿಂದಲೇ ತೆಗೆದುಕೊಳ್ಳಬೇಕು. ಸಹಾಯಕರ ಸೋಗಿನಲ್ಲಿ ಮೋಸಗಾರರೂ ಇರುತ್ತಾರೆ. ಗುಪ್ತಪದವನ್ನಾಗಲಿ ಓ.ಟಿ.ಪಿ.ಯನ್ನಾಗಲಿ ಯಾರಿಗೂ ಹೇಳಬಾರದು. ದುರಸ್ತಿಗೆ ಪ್ರವೇಶ ಕೊಡಬೇಕಾದಲ್ಲಿ ಪ್ರತ್ಯೇಕ ಖಾತೆ ತೆರೆದುಕೊಟ್ಟು, ಕೆಲಸ ಮುಗಿದೊಡನೆ ಅಳಿಸಬೇಕು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ನೋಂದಣಿದಾರರು, ಸರ್ವರ್ ಒದಗಿಸುವವರು, ಪುಟ ರಚಿಸಿದವರು, ನವೀಕರಣದ ದಿನಾಂಕ, ತಾಣದ ಪ್ರತಿ ಇರುವ ಸ್ಥಳ - ಈ ಐದನ್ನು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಇಂದೇ ಬರೆದಿಡುವುದು ಲೇಸು. ತಾಣ ಕೆಟ್ಟ ದಿನ ಹುಡುಕಾಟದಲ್ಲಿ ಕಳೆಯುವ ಹೊತ್ತು ಅದರಿಂದ ಉಳಿಯುತ್ತದೆ.